ಉಮಾಪತಿ ಹೂಗಾರರ ಮದ್ದಿನ ಕೋಣೆ

ವಾಯುಸೇನೆಯ ಕೆಲಸ ಮುಗಿದ ಮೇಲೆ ಉಮಾಪತಿ ಹೂಗಾರರು ಊರಿಗೆ ಹೋಗಲಿಲ್ಲ, ನಾಗಪುರದಲ್ಲೇ ಉಳಿದರು. ಊರು ಲಕ್ಷ್ಮೇಶ್ವರ. ಮನೆತನದವರು ತಲೆಮಾರುಗಳಿಂದ ಗುಡಿಗೆ ಹೂ ಕಟ್ಟಿಕೊಂಡು ಬಂದವರು. ಇವರೊಬ್ಬರು ಮಾತ್ರ ಹರೆಯದಲ್ಲೇ ಹೂವಿನ ಬುಟ್ಟಿ ಬಿಟ್ಟು ಸೇನೆಗೆ ಸೇರಿ ಆರ್ಮರರ್ ಆದರು. ಬಂದೂಕು ಬಿಚ್ಚುವುದು, ತೊಳೆಯುವುದು, ಸವೆದ ಭಾಗ ಬದಲಿಸಿ ಮತ್ತೆ ಜೋಡಿಸುವುದು ಆ ಕೆಲಸ. ಕೊನೆಯ ಪೋಸ್ಟಿಂಗ್ ಇಲ್ಲೇ ಆಗಿತ್ತು. ನಗರದ ಅಂಚಿನ ವಾಡಿಯ ಹತ್ತಿರ ದತ್ತವಾಡಿಯಲ್ಲಿ ಒಂದು ಸಣ್ಣ ಮನೆ ಕೊಂಡರು. ಮಕ್ಕಳಾಗಿರಲಿಲ್ಲ. ಗಂಡ ಹೆಂಡತಿ ಇಬ್ಬರೇ.

ನಾನು ಅವರ ಪಕ್ಕದ ಮನೆಯವನು. ವಾಡಿಯ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ನನ್ನ ಕೆಲಸ. ಆ ಓಣಿಯಲ್ಲಿ ಕನ್ನಡದ ಮನೆಗಳು ನಮ್ಮವೆರಡೇ ಆದ್ದರಿಂದ ಜೋಳದ ರೊಟ್ಟಿಯೂ ಜಗಳದ ಸುದ್ದಿಯೂ ಗೋಡೆ ದಾಟಿ ಬರುತ್ತಿದ್ದವು. ಈಗ ಹೇಳುವುದರಲ್ಲಿ ನಾನು ಕಣ್ಣಾರೆ ಕಂಡದ್ದು ಸ್ವಲ್ಪ. ಉಳಿದದ್ದನ್ನು ಅವರ ಹೆಂಡತಿ ನೀಲಾ ವೈನಿಯೂ ಗೆಳೆಯ ಬಿಂದುಮಾಧವ ಕಟ್ಟಿಯೂ ನನಗೆ ಹೇಳಿದ್ದು.

ಹಿಂಗಣಾದ ಕಾರ್ಖಾನೆಗಳನ್ನು ದಾಟಿ ಮುಂದೆ ಹೋದರೆ ಗುಡ್ಡದ ಬುಡದಲ್ಲಿ ಒಂದು ರೈಫಲ್ ಕ್ಲಬ್ಬು ಇತ್ತು. ಉಮಾಪತಿಯವರು ಅಲ್ಲಿನ ಆರ್ಮರರ್ ಆದರು. ದೂರದ ಗುರಿಗೆ ಹೊಡೆಯುವ ಕೆಲವು ಆಟಗಾರರಿಗಾಗಿ ಕಾಡತೂಸುಗಳನ್ನು ಕೈಯಿಂದ ತುಂಬಲು ಆ ಕ್ಲಬ್ಬಿಗೆ ಪರವಾನಗಿ ಇತ್ತು. ಹೊಡೆದು ಖಾಲಿಯಾದ ಹಿತ್ತಾಳೆಯ ಕೇಸನ್ನು ಸ್ವಚ್ಛ ಮಾಡಿ, ಅದರ ಬುಡಕ್ಕೆ ಹೊಸ ಪ್ರೈಮರ್ ಕೂರಿಸಿ, ಒಳಗೆ ಮದ್ದು ತೂಗಿ ಹಾಕಿ, ಬಾಯಿಗೆ ಗುಂಡು ಒತ್ತಿ ಕೂರಿಸುವ ಕೆಲಸ ಅದು. ರೇಂಜಿನ ಹಿಂದೆ ಅದಕ್ಕೆಂದೇ ಒಂದು ಕೋಣೆ. ಎಲ್ಲರೂ ಅದನ್ನು ಮದ್ದಿನ ಕೋಣೆ ಅನ್ನುತ್ತಿದ್ದರು. ಕೀಲಿ ಉಮಾಪತಿಯವರ ಹತ್ತಿರ. ಒಳಗೆ ಫೋನು ಒಯ್ಯುವಂತಿಲ್ಲ, ಮಾತಾಡುವಂತಿಲ್ಲ, ಮೇಜಿನ ಮೇಲೆ ಮದ್ದಿನ ಡಬ್ಬಿ ಒಂದಕ್ಕಿಂತ ಹೆಚ್ಚು ಇರುವಂತಿಲ್ಲ. ಈ ನಿಯಮಗಳನ್ನು ಅವರೇ ಮಾಡಿದ್ದರು.

ಬಿಂದುಮಾಧವ ಹುಟ್ಟಿದ್ದೇ ನಾಗಪುರದಲ್ಲಿ. ತಂದೆ ಧಾರವಾಡದಿಂದ ರೈಲ್ವೆ ಕೆಲಸಕ್ಕೆ ಬಂದು ನೆಲೆಸಿದವರು. ಹಿಂಗಣಾದಲ್ಲಿ ಬಿಂದುಮಾಧವರದೊಂದು ಲೋಹ ಕಡೆಯುವ ಲೇತ್ ವರ್ಕ್‌ಶಾಪು. ಕನ್ನಡ ಸಂಘದ ಸಂಕ್ರಾಂತಿ ಊಟದ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತಿದ್ದ ಅವರೂ ಉಮಾಪತಿಯವರೂ ಮಾತಿಗೆ ಮಾತು ಸೇರಿ ಕೊನೆಗೆ ಕೈತೊಳೆಯಲು ಏಳುವಾಗ ಏಕವಚನಕ್ಕೆ ಇಳಿದಿದ್ದರಂತೆ. ಆಮೇಲೆ ಕ್ಲಬ್ಬಿನ ರೈಫಲ್‌ಗಳಿಗೆ ಬೇಕಾದ ಸ್ಪ್ರಿಂಗು, ಪಿನ್ನು, ತಿರುಪುಗಳನ್ನು ಬಿಂದುಮಾಧವರೇ ಮಾಡಿಕೊಡತೊಡಗಿದರು. ಬಂದೂಕಿನ ವಿಷಯದಲ್ಲಿ ಅವರು ಕಲಿತದ್ದೆಲ್ಲ ಉಮಾಪತಿಯವರಿಂದಲೇ. ಭಾನುವಾರ ರೇಂಜಿನಿಂದ ಹೊರಟು ಇಬ್ಬರೂ ತರ್ರಿ ಪೋಹೆ, ಅಂದರೆ ಖಾರದ ರಸ ಸುರಿದ ಅವಲಕ್ಕಿ, ತಿಂದು ಮನೆಗೆ ಬರುವುದು ಬಹಳ ವರ್ಷಗಳ ರೂಢಿಯಾಗಿತ್ತು.

ಕ್ಲಬ್ಬಿನಲ್ಲಿ ತನ್ವಿ ಎಂಬ ಹುಡುಗಿ ಇದ್ದಳು. ತಂದೆ ಬೆಳಗಾವಿ ಕಡೆಯ ಸೈನಿಕರು, ಕಾಮಠಿಯ ದಂಡಿನಲ್ಲಿ ಇದ್ದಾಗ ಅವಳನ್ನು ರೇಂಜಿಗೆ ಕರೆತಂದಿದ್ದರು. ಈಗ ಅವಳು ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಉಳಿದ ಸಮಯವೆಲ್ಲ ರೈಫಲ್ಲಿನದು. ಉಮಾಪತಿಯವರು ಅವಳಿಗೆ ಎರಡು ಬಗೆಯ ಕಾಡತೂಸು ತುಂಬಿಕೊಡುತ್ತಿದ್ದರು. ಹತ್ತಿರದ ಗುರಿಗೆ ಹಗುರ ಗುಂಡು, ದೂರದ ಗುರಿಗೆ ಭಾರದ ಗುಂಡು. ಹಗುರ ಗುಂಡಿಗೆ ಮದ್ದು ಸ್ವಲ್ಪ ಹೆಚ್ಚು ಬೇಕು. ಭಾರದ್ದಕ್ಕೆ ಕಡಿಮೆ. ಹೆಚ್ಚಿನ ಮದ್ದು ಭಾರದ್ದಕ್ಕೆ ಬಿದ್ದರೆ ಒಳಗಿನ ಒತ್ತಡ ಮಿತಿ ಮೀರುತ್ತದೆ. ಇದು ಉಮಾಪತಿಯವರಿಗೆ ಯಾರೂ ಹೇಳಬೇಕಾದ ವಿಷಯವಾಗಿರಲಿಲ್ಲ.

ಮೂರು ವರ್ಷದ ಹಿಂದಿನ ಮಾತು. ಮಳೆಗಾಲ ಮುಗಿದು ಬಿಸಿಲು ಮತ್ತೆ ಏರುವ ದಿನಗಳು. ಭಾನುವಾರ ಬೆಳಿಗ್ಗೆ ದೂರದ ಗುರಿಗೆ ಹೊಡೆಯುತ್ತಿದ್ದ ತನ್ವಿ ಒಮ್ಮೆಲೇ ತಲೆ ಹಿಂದಕ್ಕೆ ಎಳೆದುಕೊಂಡಳು.

"ಕಾಕಾ, ಬೋಲ್ಟಿನಿಂದ ಬಿಸಿ ಹವಾ ಬಂತು. ಮುಖಕ್ಕೆ ಫುಸ್ ಅಂತು."

ಉಮಾಪತಿಯವರು ಖಾಲಿ ಕೇಸನ್ನು ತೆಗೆದು ಬುಡ ನೋಡಿದರು. ಕೇಸಿನ ಬುಡದಲ್ಲಿ ಕಡಲೆಬೇಳೆಯಷ್ಟು ದೊಡ್ಡ ಲೋಹದ ಟೊಪ್ಪಿ ಇರುತ್ತದಲ್ಲ, ಅದೇ ಪ್ರೈಮರ್. ರೈಫಲ್ಲಿನ ಫೈರಿಂಗ್ ಪಿನ್ನು ಅದಕ್ಕೆ ಕುಟ್ಟಿದಾಗ ಕಿಡಿ ಹುಟ್ಟಿ ಮದ್ದು ಉರಿಯುತ್ತದೆ. ಕುಟ್ಟಿದ ಕಡೆ ನುಣುಪಾದ ಒಂದು ಗುಳಿ ಮಾತ್ರ ಉಳಿಯಬೇಕು. ಇಲ್ಲಿ ಗುಳಿಯ ನಡುವೆ ಸೂಜಿ ಚುಚ್ಚಿದಂಥ ತೂತು, ಸುತ್ತ ಕಪ್ಪು ಮಸಿ. ಮುಂದಕ್ಕೆ ಹೋಗಬೇಕಾದ ಉರಿಗಾಳಿ ಆ ತೂತಿನಿಂದ ಹಿಂದಕ್ಕೆ, ಹೊಡೆಯುವವರ ಮುಖದ ಕಡೆಗೆ ನುಗ್ಗಿತ್ತು.

ಅಂದು ಅಭ್ಯಾಸ ನಿಲ್ಲಿಸಿದರು. ಉಮಾಪತಿಯವರು ರೈಫಲ್ಲಿನ ಹಿಂಬದಿ ಮುಚ್ಚುವ ಬೋಲ್ಟು ಬಿಚ್ಚಿ ಪಿನ್ನನ್ನು ಹೊರತೆಗೆದು ಬೆಳಕಿಗೆ ಹಿಡಿದರು. ಅದರ ಮೂತಿ ನುಣುಪಾಗಿರಲಿಲ್ಲ, ಅಲ್ಲಲ್ಲಿ ತಿಂದ ಹಾಗೆ ಒರಟಾಗಿತ್ತು. ಆ ಪಿನ್ನು ಬಿಂದುಮಾಧವ ಬೇಸಿಗೆಯಲ್ಲಿ ಮಾಡಿಕೊಟ್ಟದ್ದು. ಅವರೂ ಅಲ್ಲೇ ನಿಂತಿದ್ದರು, ಕ್ಲಬ್ಬಿನ ಇತರ ಸದಸ್ಯರೂ ಸುತ್ತ ಸೇರಿದ್ದರು.

"ಬಿಂದ್ಯಾ, ಇದರ ಮೂತಿ ನೋಡಿಲ್ಲಿ," ಅಂದರು ಉಮಾಪತಿ. "ಹಿಂಗ ಒರಟು ಬಿಟ್ಟರ ಟೊಪ್ಪಿ ಹರೀದ ಇರತೈತೇನು? ಪಾಲಿಶ್ ಮಾಡಾಕ ಟೈಮ್ ಸಿಗಲಿಲ್ಲೇನು ನಿನಗ?"

"ನಾ ಕೊಡೂ ಮುಂದ ನುಣುಪ ಇತ್ತು, ಉಮಾ."

"ಇತ್ತಂತ! ಕಣ್ಣ ಮುಂದ ಐತಲ್ಲ. ಆ ಹುಡುಗಿ ಕಣ್ಣ ಹೋಗಿದ್ರ ಯಾರ ಜವಾಬ್ದಾರಿ?"

ಬಿಂದುಮಾಧವ ಪಿನ್ನನ್ನು ಕೈವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಹೊರಟುಹೋದರು. ಆ ದಿನ ಪೋಹೆಯ ಅಂಗಡಿಗೆ ಇಬ್ಬರೂ ಹೋಗಲಿಲ್ಲ.

ಅವರು ಎದುರಾಡದೆ ಹೋದದ್ದಕ್ಕೆ ಕಾರಣವಿತ್ತು. ಅದನ್ನು ಅವರೇ ಆಮೇಲೆ ನನಗೆ ಹೇಳಿದರು. "ಒರಟು ಪಿನ್ನಿನಿಂದ ಟೊಪ್ಪಿ ತೂತ ಬೀಳ್ತದ, ಖರೇ. ಆದರ ತೂತು ಬಿದ್ದಾಗ ಬರೋ ಉರಿ ಪಿನ್ನಿನ ಮೂತೀನ್ನೂ ತಿಂತದ. ಮೊದಲ ಯಾವದು ಆತು ಅಂತ ಹುಡುಕದೆ ಪಿನ್ನಿಗೆ ತಪ್ಪು ಹೊರಸಬ್ಯಾಡ ಅಂತ ನನಗ ಕಲಿಸಿದವನ ಅವ. ಅವಗ ಅದ ಮಾತು ನೆನಪಿರಲಿಲ್ಲ. ಎಲ್ಲಾರ ಮುಂದ ಅವನ ಪಾಠಾ ಅವಗ ಹೆಂಗ ಒಪ್ಪಸ್ಲಿ?"

ಆದರೂ ಅವರು ಹೊಸ ಪಿನ್ನು ಮಾಡಿದರು. ಮೂತಿಯನ್ನು ಕನ್ನಡಿಯ ಹಾಗೆ ಉಜ್ಜಿ ಕ್ಲಬ್ಬಿನ ಕಾವಲುಗಾರನ ಕೈಯಲ್ಲಿ ಕೊಟ್ಟುಹೋದರು, ಒಳಗೆ ಬರಲಿಲ್ಲ. ಉಮಾಪತಿಯವರೂ ಕರೆಯಲಿಲ್ಲ. ಆ ದೀಪಾವಳಿಗೆ ಕಟ್ಟಿಯವರ ಮನೆಯಿಂದ ಬರುತ್ತಿದ್ದ ಫರಾಳದ, ಹಬ್ಬದ ತಿಂಡಿಯ, ಡಬ್ಬಿ ಬರಲಿಲ್ಲ. ನೀಲಾ ವೈನಿ ಮಾಡಿದ ಶಂಕರಪೋಳಿ ನಮ್ಮ ಮನೆಗೇ ಎರಡು ಪಾಲು ಬಂತು.

ಹೊಸ ಪಿನ್ನು ಹಾಕಿದ ಮೇಲೆ ಕೆಲವು ವಾರ ಎಲ್ಲ ಸರಿಯಾಗಿತ್ತು. ಆಮೇಲೆ ಮತ್ತೆ ತೂತು. ಒಂದು ಪೆಟ್ಟಿಗೆ ಕಾಡತೂಸಿನಲ್ಲಿ ಒಂದೋ ಎರಡೋ, ಉಳಿದವೆಲ್ಲ ಚೊಕ್ಕ. ಉಮಾಪತಿಯವರು ರೈಫಲ್ಲನ್ನು ಪೂರ್ತಿ ಬಿಚ್ಚಿದರು. ಪಿನ್ನು ಹೊರಬರುವ ಕಿಂಡಿ ಸವೆದಿದೆಯೇ ಅಂತ ಅಳೆದರು, ಸರಿಯಾಗಿತ್ತು. ಸ್ಪ್ರಿಂಗು ಸೋತಿರಬಹುದೆಂದು ಹೊಸದು ಹಾಕಿದರು. ಪ್ರೈಮರ್‌ಗಳ ಟೊಪ್ಪಿ ತೆಳುವಿರಬಹುದೆಂದು ಬೇರೆ ಸಲ ತಯಾರಾದವುಗಳ ಪೆಟ್ಟಿಗೆ ಒಡೆದರು. ಬಿಸಿಲಿಗೆ ಮದ್ದಿನ ಗುಣ ಕೆಟ್ಟಿರಬಹುದೆಂದು ಹೊಸ ಡಬ್ಬಿ ತರಿಸಿದರು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಇಲ್ಲದಿದ್ದರೆ ರೋಗ ಹೋದರೂ ಯಾವ ಔಷಧದಿಂದ ಹೋಯಿತೆಂದು ತಿಳಿಯುವುದಿಲ್ಲ ಅನ್ನುತ್ತಿದ್ದರು. ಹಾಗೆಯೇ ಮಾಡಿದರು. ತೂತು ಬೀಳುವುದು ನಿಲ್ಲಲಿಲ್ಲ.

ಮನೆಯಲ್ಲಿ ನೀಲಾ ವೈನಿ ಬೇರೆ ಕೆಲವು ಸಂಗತಿಗಳನ್ನು ಗಮನಿಸುತ್ತಿದ್ದರು. ವಾಡಿಯ ನಾಕೆಯ ಅಂಗಡಿಯಿಂದ ಹಾಲು ತರಲು ಹೋದ ಉಮಾಪತಿಯವರು ಬರಿಗೈಯಲ್ಲಿ ಬಂದು, "ನೀ ಏನ ತರಾಕ ಹೇಳಿದ್ದಿ?" ಅಂತ ಕೇಳಿದ್ದರು. ಒಮ್ಮೆ ಹಿಂಗಣಾಕ್ಕೆ ಹೊರಟವರು ಬೇರೆಯೇ ದಿಕ್ಕಿನ ಕೋರಾಡಿಯ ಬಸ್ಸು ಹತ್ತಿ ಜಗದಂಬೆಯ ಗುಡಿಯ ಮುಂದೆ ಇಳಿದಿದ್ದರು. ಸಂಜೆ ಬಂದು, ದರ್ಶನ ಮಾಡಬೇಕು ಅನ್ನಿಸಿತು, ಹೋಗಿದ್ದೆ ಅಂದರು. ಕೈಯಲ್ಲಿ ಪ್ರಸಾದವಿರಲಿಲ್ಲ, ಹಣೆಯಲ್ಲಿ ಕುಂಕುಮವೂ ಇರಲಿಲ್ಲ. ವೈನಿ ಕೇಳಲಿಲ್ಲ.

"ಕೇಳಿದ್ರ ಖರೇ ಆಗಿಬಿಡತೈತೇನೋ ಅಂತ ಅಂಜಿಕಿ," ಅಂದರು ನನ್ನ ಹತ್ತಿರ. "ವಯಸ್ಸಾತು, ಮರವು ಬರತೈತಿ, ಎಲ್ಲಾರಿಗೂ ಬರತೈತಿ, ಅಂತ ನನಗ ನಾನ ಹೇಳಿಕೊಂಡೆ. ಅವರ ಕೈಯಾಗ ಮದ್ದ ಐತಿ ಅನ್ನೂದು ನನಗ ಹೊಳೀಲೇ ಇಲ್ಲ."

ಸಂಕ್ರಾಂತಿ ಕಳೆದ ಮೇಲೆ ತನ್ವಿಗೆ ರಾಜ್ಯದ ತಂಡದ ಆಯ್ಕೆ ಸ್ಪರ್ಧೆ ಹತ್ತಿರವಾಗಿತ್ತು. ಒಂದು ಮಧ್ಯಾಹ್ನ ಭಾರದ ಗುಂಡಿನಿಂದ ಅಭ್ಯಾಸ ಮಾಡುವಾಗ ಪ್ರೈಮರ್ ಮತ್ತೆ ಒಡೆಯಿತು. ಈ ಸಲ ಬಂದದ್ದು ಬರೀ ಬಿಸಿಗಾಳಿಯಲ್ಲ. ಕನ್ನಡಕ ಇದ್ದದ್ದರಿಂದ ಕಣ್ಣು ಉಳಿಯಿತು. ಆದರೆ ಕನ್ನಡಕದ ಮೇಲಂಚಿನಿಂದ ಹುಬ್ಬಿನವರೆಗೆ ಚರ್ಮ ಸುಟ್ಟು, ಲೋಹದ ಚೂರೊಂದು ಹಣೆಗೆ ನೆಟ್ಟಿತ್ತು. ಅವಳು ರೈಫಲ್ಲನ್ನು ನಿಧಾನವಾಗಿ ಕೆಳಗಿಟ್ಟು, ಬೋಲ್ಟು ತೆರೆದು, ನಿಯಮದಂತೆ ಕೈಯೆತ್ತಿ, ಆಮೇಲೆ ಮುಖ ಮುಚ್ಚಿಕೊಂಡಳಂತೆ.

ಉಮಾಪತಿಯವರೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಹಣೆಗೆ ಪಟ್ಟಿ ಕಟ್ಟಿಸಿಕೊಂಡು ಹೊರಬಂದವಳೇ ಅವರನ್ನು ಸಮಾಧಾನ ಮಾಡಿದಳು.

"ಕಾಕಾ, ಕಾಹೀ ನಾಹೀ. ನನಗ ಏನೂ ಆಗಿಲ್ಲ. ನೀವು ಅಳಬ್ಯಾಡ್ರಿ ನಾ."

"ನಾ ತುಂಬಿದ್ದವ್ವ ಅದು," ಅಂದರು ಉಮಾಪತಿ. ಆ ಸಂಜೆ ಅವರು ಮನೆಯ ಮೆಟ್ಟಿಲ ಮೇಲೆ ಕೂತಿದ್ದನ್ನು ನಾನು ಕಂಡೆ. ಮಾತಾಡಿಸಿದೆ. ನನ್ನ ಮುಖವನ್ನೇ ನೋಡುತ್ತಿದ್ದರು.

ಮರುದಿನ ಅವರು ಬಿಂದುಮಾಧವರ ವರ್ಕ್‌ಶಾಪಿಗೆ ಹೋದರು. ತಿಂಗಳುಗಟ್ಟಲೆ ಮಾತಿಲ್ಲದ ಗೆಳೆಯ ಬಾಗಿಲಲ್ಲಿ ನಿಂತದ್ದನ್ನು ಕಂಡು ಬಿಂದುಮಾಧವ ಲೇತ್ ನಿಲ್ಲಿಸಿದರು, ಸ್ಟೂಲು ಎಳೆದು ಕೊಟ್ಟರು. ಉಮಾಪತಿ ಕೂರಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ.

"ರೈಫಲ್ಲಿನ್ಯಾಗ ಏನೂ ಉಳಿದಿಲ್ಲ, ಬಿಂದ್ಯಾ. ಎಲ್ಲಾ ಬದಲಿ ಮಾಡಿ ನೋಡೀನಿ. ಒಂದ ಒಂದು ಬದಲಿ ಮಾಡಿಲ್ಲ."

"ಯಾವದು?"

"ತುಂಬೋ ಕೈ. ನಾಳೆ ನೀ ಬಾ. ಅದ ಡಬ್ಬಿ, ಅದ ತಕ್ಕಡಿ. ನೀ ಸ್ವಲ್ಪ ತುಂಬು, ನಾ ಸ್ವಲ್ಪ ತುಂಬತೀನಿ. ಎರಡೂ ಹೊಡದು ನೋಡೂಣು."

ಬಿಂದುಮಾಧವರಿಗೆ ಅಲ್ಲಿಯವರೆಗೆ ಎದೆಯಲ್ಲಿ ಕುದಿಯುತ್ತಿದ್ದ ಸಿಟ್ಟು ಆ ಮಾತಿಗೆ ಎಲ್ಲಿ ಹೋಯಿತೋ ತಿಳಿಯಲಿಲ್ಲವಂತೆ. "ಬರ್ತೀನಿ," ಅಂದರು.

ಮದ್ದಿನ ಕೋಣೆಯಲ್ಲಿ ಇಬ್ಬರೇ. ಬೆಳಗಿನ ಬಿಸಿಲು ಕಿಟಕಿಯಿಂದ ಮೇಜಿಗೆ ಬೀಳುತ್ತಿತ್ತು. ಭಾರದ ಗುಂಡಿನ ಪೆಟ್ಟಿಗೆಯನ್ನು ಉಮಾಪತಿಯವರೇ ಬೀರುವಿನಿಂದ ತೆಗೆದು ಮೇಜಿನ ಮೇಲಿಟ್ಟರು. ತಕ್ಕಡಿಯ ತೂಕವನ್ನು ಅದಕ್ಕೆ ತಕ್ಕ ಗುರುತಿಗೆ ಸರಿಸಿದರು. ಮೊದಲು ಬಿಂದುಮಾಧವ ತುಂಬಿ ಮುಗಿಸಿ ಪಕ್ಕಕ್ಕೆ ಸರಿದು ಕೂತರು. ಆಮೇಲೆ ಉಮಾಪತಿ ಶುರು ಮಾಡಿದರು.

ಅವರು ಕೆಲಸ ಮಾಡುವುದನ್ನು ನೋಡುವುದೇ ಒಂದು ಚೆಂದವಾಗಿತ್ತು ಅನ್ನುತ್ತಾರೆ ಬಿಂದುಮಾಧವ. ಕೇಸನ್ನು ಎತ್ತುವುದು, ಬೆರಳ ತುದಿಯಿಂದ ಪ್ರೈಮರ್ ಸವರಿ ನೋಡುವುದು, ತಕ್ಕಡಿಯ ತಟ್ಟೆಗೆ ಮದ್ದು ಉದುರಿಸುವುದು, ಮುಳ್ಳು ನಿಲ್ಲುವವರೆಗೆ ಉಸಿರು ಹಿಡಿಯುವುದು. ಒಂದರ ಹಿಂದೆ ಒಂದು, ತಪ್ಪಿಲ್ಲದೆ. ಬಿಂದುಮಾಧವರಿಗೆ ಸಮಾಧಾನವಾಯಿತು. ಕಾರಣ ಬೇರೆ ಏನೋ ಇರಬೇಕು, ಹುಡುಕಿದರಾಯಿತು ಅಂದುಕೊಂಡರು.

ಅಷ್ಟರಲ್ಲಿ ಹೊರಗೆ ಒಂದು ಲಾರಿ ಹಾರನ್ ಹೊಡೆಯಿತು. ಉಮಾಪತಿಯವರ ಕೈ ನಿಂತಿತು. ಕಿಟಕಿಯತ್ತ ನೋಡಿದರು, ತಿರುಗಿ ಮೇಜನ್ನು ನೋಡಿದರು. ಎಲ್ಲಿದ್ದೆ ಎಂದು ಹುಡುಕುವವರ ಹಾಗೆ ಕಣ್ಣು ಮೇಜಿನ ಮೇಲೆ ಅಲೆಯಿತು. ಆಮೇಲೆ ತಕ್ಕಡಿಯ ಹತ್ತಿರ ಬಾಗಿ, ತೂಕವನ್ನು ಶಾಂತವಾಗಿ ಇನ್ನೊಂದು ಗುರುತಿಗೆ, ಹಗುರ ಗುಂಡಿನ ಗುರುತಿಗೆ ಸರಿಸಿದರು. ಮತ್ತೆ ಮದ್ದು ತೂಗಿ ಕೇಸಿಗೆ ಸುರಿದು, ಭಾರದ ಗುಂಡನ್ನೇ ಎತ್ತಿಕೊಂಡು ಒತ್ತಿ ಕೂರಿಸಿದರು. ಮುಂದಿನದಕ್ಕೂ ಹಾಗೆಯೇ. ಕೈಯಲ್ಲಿ ಅದೇ ಚೆಂದ, ಮುಖದಲ್ಲಿ ಅದೇ ನಿಶ್ಚಿಂತೆ.

ಬಿಂದುಮಾಧವ ಇನ್ನೂ ಕೆಲವನ್ನು ತುಂಬಲು ಬಿಟ್ಟರು. ಆ ಕೋಣೆಯ ನಿಯಮ ಮುರಿಯುವ ಧೈರ್ಯ ಬರಲಿಲ್ಲವೋ, ಬೇರೆ ಧೈರ್ಯ ಬರಲಿಲ್ಲವೋ ಅವರಿಗೇ ಗೊತ್ತಿಲ್ಲ.

"ಉಮಾ," ಅಂದರು ಕೊನೆಗೆ. "ತಕ್ಕಡಿ ಈಗ ಯಾವ ಗುಂಡಿಗಿ ಇಟ್ಟಿ?"

"ಹಗೂರ ಗುಂಡಿಗೆ."

"ಮೇಜಿನ ಮ್ಯಾಲೆ ಯಾವ ಗುಂಡು ಅವ?"

ಉಮಾಪತಿ ಒಂದು ಗುಂಡನ್ನು ಎತ್ತಿ ಅಂಗೈಯಲ್ಲಿ ಉರುಳಿಸಿದರು. ತೂಕ ಅಂಗೈಗೆ ತಿಳಿಯಿತು.

"ಇವನ್ನ ಯಾರು ಇಲ್ಲಿಟ್ಟರು?"

"ನೀನ. ಈಗ, ನನ್ನ ಮುಂದ."

"ನಾನ?"

"ಹೌದಪಾ."

ಅವರು ತಕ್ಕಡಿಯನ್ನು ನೋಡಿದರು, ಗುಂಡನ್ನು ನೋಡಿದರು, ತುಂಬಿ ಸಾಲಾಗಿ ನಿಲ್ಲಿಸಿದ್ದ ಕಾಡತೂಸುಗಳನ್ನು ನೋಡಿದರು. ಆಮೇಲೆ ಗುಂಡು ಕೀಳುವ ಇಕ್ಕಳ ತೆಗೆದು, ಒಂದೊಂದೇ ಕಾಡತೂಸು ಬಿಚ್ಚಿ, ಒಳಗಿನ ಮದ್ದನ್ನು ತೂಗತೊಡಗಿದರು. ಬಿಂದುಮಾಧವ ತುಂಬಿದ್ದು ಎಲ್ಲವೂ ಸರಿ. ತಾವು ಮೊದಮೊದಲು ತುಂಬಿದ್ದೂ ಸರಿ. ಲಾರಿಯ ಹಾರನ್ ಆದ ಮೇಲಿನವುಗಳಲ್ಲಿ ಮದ್ದು ಹೆಚ್ಚು, ಟೊಪ್ಪಿ ತೂತು ಬೀಳುವಷ್ಟು. ತನ್ವಿಯ ಹಳೆಯ ಪೆಟ್ಟಿಗೆಯಲ್ಲಿ ಉಳಿದಿದ್ದವನ್ನೂ ಬಿಚ್ಚಿದರು. ಅವುಗಳ ನಡುವೆಯೂ ಅಲ್ಲೊಂದು ಇಲ್ಲೊಂದು ಹಾಗೆಯೇ.

"ರೇಂಜಿಗೆ ನಡಿ, ಹೊಡದ ನೋಡೂಣು ಅಂದಿದ್ನಲ್ಲ," ಅಂದರು ಉಮಾಪತಿ.

"ಬ್ಯಾಡ ಉಮಾ. ನೋಡ್ಲಿಕ್ಕೆ ಇನ್ನ ಏನೂ ಉಳದಿಲ್ಲ."

ಉಮಾಪತಿ ತಲೆಯಾಡಿಸಿದರು. ಮದ್ದನ್ನು ಡಬ್ಬಿಗೆ ಸುರಿದು ಮುಚ್ಚಿದರು. ಮೇಜನ್ನು ಒರೆಸಿದರು. ಬಹಳ ದಿನ ಸತಾಯಿಸಿದ ರಿಪೇರಿಯೊಂದು ಕೈಗೆ ಹತ್ತಿದಾಗ ಅನ್ನುತ್ತಿದ್ದ ಧಾಟಿಯಲ್ಲೇ ಅಂದರು, "ಸಿಕ್ತು ಬಿಡು, ಬಿಂದ್ಯಾ. ಸಿಕ್ತು." ಆಮೇಲೆ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟರು. ಬಿಂದುಮಾಧವ ಪಕ್ಕದಲ್ಲಿ ಕೂತು ಹೆಗಲ ಮೇಲೆ ಕೈಯಿಟ್ಟರು. ಕಾವಲುಗಾರ ಬಂದು ಬಾಗಿಲು ತಟ್ಟುವವರೆಗೆ ಹಾಗೆಯೇ ಕೂತಿದ್ದರಂತೆ.

ಮನೆಗೆ ಬಂದು ನೀಲಾ ವೈನಿಗೆ ಹೇಳಿದ್ದು ಬಿಂದುಮಾಧವ. ಅವರು ಪೂರ್ತಿ ಹೇಳಿ ಮುಗಿಸುವ ಮೊದಲೇ ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ನನಗ ಗೊತ್ತಿತ್ತರೀ. ನನಗ ಗೊತ್ತಿತ್ತು," ಅನ್ನುವುದು ನಮ್ಮ ಮನೆಗೂ ಕೇಳಿಸಿತು.

ಮೈಸೂರಿನಿಂದ ಬಂದು ಇಲ್ಲಿನ ಆಸ್ಪತ್ರೆಯೊಂದರಲ್ಲಿದ್ದ ನರರೋಗದ ಡಾಕ್ಟರು ಶುಭಾ ಅವರ ಹತ್ತಿರ ತನ್ವಿಯೇ ಎಲ್ಲರನ್ನೂ ಕರೆದುಕೊಂಡು ಹೋದಳು. ಅವಳ ಹುಬ್ಬಿನ ಗಾಯ ಆಗಿನ್ನೂ ಮಾಗಿರಲಿಲ್ಲ. ಪರೀಕ್ಷೆಗಳಾದವು, ಸ್ಕ್ಯಾನ್ ಆಯಿತು. ಡಾಕ್ಟರು ಕನ್ನಡದಲ್ಲೇ ಮಾತಾಡಿದರು.

"ಇದು ವಯಸ್ಸಿನ ಮರೆವು ಅಲ್ಲ, ಕಾಯಿಲೆ. ಮಾತ್ರೆಯಿಂದ ಸ್ವಲ್ಪ ನಿಧಾನ ಮಾಡ್ಬಹುದು ಅಷ್ಟೆ, ನಿಲ್ಲಿಸೋಕೆ ಆಗಲ್ಲ. ನಿಮ್ಮ ತಪ್ಪು ಏನೂ ಇಲ್ಲ, ಸರ್. ಯಾರ ತಪ್ಪೂ ಇಲ್ಲ."

"ಡಾಕ್ಟ್ರ," ಅಂದರು ಉಮಾಪತಿ, "ಕೈ ಕೆಲಸ ಮರಿಯೂದಿಲ್ಲಲ್ರೀ. ಬೆರಳು ಬರೋಬರ್ ಅದಾವು. ಬ್ಯಾರೆದ್ದೆಲ್ಲ ಹ್ಯಾಂಗ ಹೋಗತೈತಿ?"

"ಕೈ ಕಲಿತದ್ದು ಕೊನೇವರೆಗೂ ಉಳಿಯುತ್ತೆ. ಯಾವುದನ್ನ ಯಾಕೆ ಮಾಡ್ತಿದೀವಿ ಅನ್ನೋದು ಮೊದಲು ಹೋಗುತ್ತೆ."

ಆ ಮಾತು ಅವರಿಗೆ ನಾಟಿತು. ಮರುದಿನವೇ ಕ್ಲಬ್ಬಿಗೆ ಹೋಗಿ ಕೀಲಿ ಒಪ್ಪಿಸಿದರು. ಕಮಿಟಿಯವರು ಕುರ್ಚಿ ಕೊಟ್ಟು ಕೂರಿಸಿ, ವಿಶ್ರಾಂತಿ ತೆಗೆದುಕೊಳ್ಳಿ, ಮತ್ತೆ ಬರುವಿರಂತೆ ಅಂದರು. ಇಲ್ಲ, ನಾನು ಬಂದರೂ ಒಳಗೆ ಬಿಡಬೇಡಿ ಅಂತ ಉಮಾಪತಿಯವರು ಹಿಂದಿಯಲ್ಲಿ ಸ್ಪಷ್ಟವಾಗಿ ಹೇಳಿದರು. ಕಾವಲುಗಾರನನ್ನು ಕರೆದು ಅವನಿಗೂ ಹೇಳಿದರು. ಕೆಲವು ತಿಂಗಳಾದ ಮೇಲೆ ಅವರು ನಿಜವಾಗಿಯೂ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಆಟೋ ಹತ್ತಿ ಅಲ್ಲಿಗೆ ಹೋದರು. ಕೀಲಿ ಕೊಡು ಅಂತ ಕೂಗಾಡಿದರು. ಕಾವಲುಗಾರ ಅಳುತ್ತಾ ಗೇಟಿಗೆ ಅಡ್ಡ ನಿಂತಿದ್ದ. ಬಿಂದುಮಾಧವ ಓಡಿ ಬಂದು ಮನೆಗೆ ಕರೆತಂದರು. ಮದ್ದಿನ ಕೋಣೆಯ ಹೊಣೆ ಹೊರಲು ಬೇರೆ ಯಾರೂ ಮುಂದೆ ಬರಲಿಲ್ಲ. ಕ್ಲಬ್ಬು ಅದನ್ನು ಮುಚ್ಚಿತು.

ತನ್ವಿ ಆ ವರ್ಷ ಆಯ್ಕೆಗೆ ಹೋಗಲಿಲ್ಲ. ಮುಂದಿನ ವರ್ಷ ಕಾರ್ಖಾನೆಯ ಕಾಡತೂಸಿನಿಂದ ಹೊಡೆದು ನೋಡಿದಳು, ಆಯ್ಕೆಯಾಗಲಿಲ್ಲ. ಟ್ರಿಗರ್ ಒತ್ತುವ ಕ್ಷಣಕ್ಕೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ ಅನ್ನುತ್ತಿದ್ದಳು. ಕೊನೆಗೆ ರೈಫಲ್ ಬಿಟ್ಟಳು. ಅದನ್ನು ಉಮಾಪತಿಯವರಿಗೆ ತಿಳಿಸಬಾರದೆಂದು ನಮಗೆಲ್ಲ ಆಣೆ ಹಾಕಿಸಿದ್ದಳು. ಬಂದಾಗ ಅವರ ಕಾಲು ನೀವಿ, ಕೂತು ಏಳುವ ವ್ಯಾಯಾಮ ಮಾಡಿಸಿ ಹೋಗುತ್ತಿದ್ದಳು. ಅವರು ಅವಳ ಹುಬ್ಬಿನ ಕಲೆಯನ್ನು ಮುಟ್ಟಿ, "ಸಣ್ಣಾಕಿದ್ದಾಗ ಬಿದ್ದಿದ್ದೇನವ್ವ?" ಅಂತ ಕೇಳುತ್ತಿದ್ದರು. ಅವಳು ಹೌದು ಕಾಕಾ ಅನ್ನುತ್ತಿದ್ದಳು.

ಬಿಂದುಮಾಧವ ಭಾನುವಾರ ಬಂದು ಅವರಿಗೆ ಗಡ್ಡ ಹೆರೆಯುತ್ತಿದ್ದರು. ನೀಲಾ ವೈನಿಯ ಕೈಗೆ ಅವರು ಗಲ್ಲ ಕೊಡುತ್ತಿರಲಿಲ್ಲ. ಹೋದ ಬೇಸಿಗೆಯ ಒಂದು ಭಾನುವಾರ, ಕೂಲರ್ ಹಾಕಿಕೊಂಡು ಕೂತಿದ್ದಾಗ, ನಾನೂ ಅಲ್ಲೇ ಇದ್ದೆ. ಮುಖಕ್ಕೆ ಸಾಬೂನಿನ ನೊರೆ ಹಚ್ಚಿಸಿಕೊಂಡಿದ್ದ ಉಮಾಪತಿ ಒಮ್ಮೆಲೇ ಬಿಂದುಮಾಧವರ ಮಣಿಕಟ್ಟು ಹಿಡಿದರು.

"ನಿಮ್ಮ ಕೈ ಭಾಳ ಹಗೂರ ಐತ್ರಿ. ನೀವು ಎಲ್ಲಿಯವರು?"

"ಇಲ್ಲೇ ಹಿಂಗಣಾದವ್ರು," ಅಂದರು ಬಿಂದುಮಾಧವ.

"ಹಿಂಗಣಾದಾಗ ನನ್ನ ದೋಸ್ತ ಒಬ್ಬಾಂವ ಇದ್ದ. ಲೇತ್ ಇಟ್ಟಿದ್ದ. ಎಲ್ಲಾರ ಮುಂದ ನಾ ಅವಗ ಬೈದೆ. ಅವನ ಪಿನ್ ಚಲೋ ಇತ್ರಿ. ಅವನ ತಪ್ಪ ಇರಲಿಲ್ಲ. ಅವ ಆಮ್ಯಾಲೆ ಬರಲೇ ಇಲ್ಲ. ನಿಮಗ ಎಲ್ಲಿಯಾದ್ರೂ ಸಿಕ್ರ ಹೇಳ್ರಿ."

ಬಿಂದುಮಾಧವರ ಕೈಯಲ್ಲಿ ರೇಜರ್ ಹಾಗೆಯೇ ನಿಂತಿತು.

"ಹೇಳ್ತೀನ್ರಿ," ಅಂದರು. "ಅವಗ ಸಿಟ್ಟಿಲ್ಲ ಅಂತ ನನಗ ಗೊತ್ತದ."

"ನಿಮಗ ಹ್ಯಾಂಗ ಗೊತ್ತು?"

"ನನಗ ಅವನ ಗುರ್ತ ಅದ."

ಉಮಾಪತಿ ಸಮಾಧಾನದಿಂದ ಗಲ್ಲ ಮುಂದೆ ಚಾಚಿದರು. ಬಿಂದುಮಾಧವ ಒಂದು ಗಾಯವೂ ಆಗದ ಹಾಗೆ ಗಡ್ಡ ಹೆರೆದು, ಮುಖ ಒರೆಸಿ, ಬಟ್ಟಲು ತೊಳೆಯಲು ಹಿತ್ತಲಿಗೆ ಹೋದರು. ನಲ್ಲಿಯ ನೀರು ಬಹಳ ಹೊತ್ತು ಬಿಟ್ಟೇ ಇತ್ತು.

ಈಗ ಉಮಾಪತಿಯವರಿಗೆ ಹೆಂಡತಿಯ ಹೆಸರು ನೆನಪಿದೆ. ಆ ಹೆಸರಿನವಳು ಯಾರೆಂಬುದು ನೆನಪಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಾದರೆ ಚಡಪಡಿಸತೊಡಗುತ್ತಾರೆ. ಎದುರಿಗೆ ಕೂತ ವೈನಿಯನ್ನು ಬಹುವಚನದಲ್ಲಿ ಮಾತಾಡಿಸುತ್ತಾರೆ.

"ಕತ್ತಲಾಗಾಕ ಬಂತ್ರೀ. ನಿಮ್ಮ ಮನ್ಯಾಗ ದಾರಿ ನೋಡತಿರತಾರು. ಬರ್ರಿ, ನಾ ಬಿಟ್ಟು ಬರತೀನಿ."

ಮೊದಲಿಗೆ ವೈನಿ ಇದೇ ನನ್ನ ಮನೆ, ನಾನೇ ನಿಮ್ಮ ನೀಲಾ ಅಂತ ತಿಳಿಸಿ ಹೇಳುತ್ತಿದ್ದರು. ಅದರಿಂದ ಅವರಿಗೆ ಗಾಬರಿಯಾಗುತ್ತಿತ್ತು, ಇವರಿಗೆ ಅಳು ಬರುತ್ತಿತ್ತು. ಈಗ ಹೇಳುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ. ಇಬ್ಬರೂ ಹನುಮಂತನ ಗುಡಿಯ ಮುಂದಿನಿಂದ, ಕಿರಾಣಿ ಅಂಗಡಿ ದಾಟಿ, ಓಣಿಯನ್ನು ಒಂದು ಸುತ್ತು ಹಾಕುತ್ತಾರೆ. ದಾರಿಯಲ್ಲಿ ಅವರು ಲಕ್ಷ್ಮೇಶ್ವರದ ಮಾತು ಹೇಳುತ್ತಾರೆ, ವೈನಿ ಹೂಂಗುಡುತ್ತಾರೆ. ಲಾರಿ ಬಂದರೆ ಅವರು ವೈನಿಯನ್ನು ರಸ್ತೆಯ ಒಳಬದಿಗೆ ಮಾಡಿಕೊಂಡು ನಡೆಯುತ್ತಾರೆ. ಮತ್ತೆ ಅದೇ ಗೇಟಿನ ಮುಂದೆ ಬಂದಾಗ ವೈನಿ ನಿಂತು, "ಇದ ನೋಡ್ರಿ ನಮ್ಮ ಮನಿ. ಇಷ್ಟು ದೂರ ಬಂದೀರಿ, ಒಳಗ ಬರ್ರಿ, ಊಟಾ ಮಾಡಿಕೊಂಡ ಹೋಗ್ರಿ," ಅನ್ನುತ್ತಾರೆ.

ಉಮಾಪತಿಯವರು ಸ್ವಲ್ಪ ಸಂಕೋಚಪಡುತ್ತಾರೆ. ಆಮೇಲೆ ಚಪ್ಪಲಿಯನ್ನು ಬಾಗಿಲ ಹೊರಗೆ ಜೋಡಿಸಿ ಇಟ್ಟು ಒಳಗೆ ಹೋಗುತ್ತಾರೆ.